ನೇರಳೆ ಸ್ಕೂಟರಿನ ಹಿಂದಿನ ಸೀಟು

ರವ್ನಾ ಆ ದಿನ ಉತ್ತರದ ಹಿಮನಾಡಿನ ಕಾರಾಶೋಕ್ ಪೇಟೆಗೆ ಹೋದದ್ದು ಒಂದು ಬೆಲ್ಟ್ ತರುವುದಕ್ಕೆ, ಅಷ್ಟೇ. ಹದಿನಾಲ್ಕು ವರ್ಷದಿಂದ ಅವಳನ್ನು ಹೊತ್ತು ಗುಡ್ಡ ಬಯಲು ಓಡಿದ ಹಿಮಸ್ಕೂಟರಿನ ಬೆಲ್ಟ್ ಆ ಚಳಿಗಾಲದಲ್ಲಿ ಮೂರನೆಯ ಸಲ ಹರಿದಿತ್ತು. ಏಪ್ರಿಲ್ ಮುಗಿಯುತ್ತಾ ಬಂದಿತ್ತು. ಇನ್ನು ಹತ್ತೇ ದಿನಕ್ಕೆ ಹಿಮಸಾರಂಗದ ಹಿಂಡನ್ನು ಎಬ್ಬಿಸಿಕೊಂಡು ಸಮುದ್ರದ ಕಡೆಗೆ ಹೊರಡಬೇಕು. ಹೆಣ್ಣುಗಳೆಲ್ಲ ತುಂಬು ಗಬ್ಬ. ಅವೂ ಕಾಯುವುದಿಲ್ಲ, ಕರಗುವ ಹಿಮವೂ ಕಾಯುವುದಿಲ್ಲ.

ಸ್ಕೂಟರ್ ಅಂಗಡಿಯ ಓಡ್ವಾರ್ ಅವಳ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವನು. ಅವನು ಬೆಲ್ಟ್ ಹುಡುಕಲು ಒಳಗೆ ಹೋದಾಗ ರವ್ನಾ ನಿಂತಲ್ಲಿ ನಿಲ್ಲಲಾರದೆ ಹಿಂದಿನ ಮೂಲೆಯವರೆಗೂ ಅಡ್ಡಾಡಿದಳು. ಅಲ್ಲಿ ಅರ್ಧ ಜಾರಿದ ಟಾರ್ಪಾಲಿನ ಕೆಳಗೆ ಒಂದು ಸ್ಕೂಟರ್ ನಿಂತಿತ್ತು. ತಿಳಿನೇರಳೆ ಬಣ್ಣ. ಅದು ಸಾಲದೆಂಬಂತೆ ಮುಂದಿನ ಸ್ಕೀ ಪಟ್ಟಿಗಳಿಂದ ಹಿಂದಿನ ರಬ್ಬರ್ ಬೆಲ್ಟಿನ ಮುಚ್ಚಳದವರೆಗೂ ಬೆಳ್ಳಿಯ ಮಿಂಚು.

"ನಗಬೇಡ," ಎಂದ ಓಡ್ವಾರ್ ಹಿಂದಿನಿಂದ.

"ನಗ್ತಾ ಇಲ್ಲ. ಯಾರ ಮದುವೆ ಕೇಕೋ ಇದು?"

"ಮೂರು ವರ್ಷದ ಹಿಂದಿನ ಮಾಡೆಲ್ಲು. ಒಂದು ಹೋಟೆಲ್‌ನೋರು ಪ್ರವಾಸಿಗಳಿಗೆ ಅಂತ ಹನ್ನೆರಡು ಹೇಳಿ ಮಾಡಿಸಿದ್ರು. ಹನ್ನೊಂದು ತಗೊಂಡ್ರು, ಇದೊಂದು ನನ್ನ ಕೊರಳಿಗೆ ಬಿತ್ತು. ಆಗ ಎರಡು ಲಕ್ಷ ಕ್ರೋನರ್. ಈಗ ಒಂದು ಲಕ್ಷ ಇಪ್ಪತ್ತು ಸಾವಿರಕ್ಕೆ ಕೊಟ್ಟುಬಿಡ್ತೀನಿ. ನನ್ನ ಹೆಂಡತಿಗೂ ಇದನ್ನ ನೋಡಿ ನೋಡಿ ಸಾಕಾಗಿದೆ."

"ಏನು ಕೆಟ್ಟಿದೆ ಇದರಲ್ಲಿ?"

"ಏನೂ ಕೆಟ್ಟಿಲ್ಲ! ಅದೇ ನನ್ನ ಹೊಟ್ಟೆ ಉರಿ. ಎಂಜಿನ್ ಗಟ್ಟಿ, ಬೆಲ್ಟ್ ಅಗಲ, ಸದ್ದು ಕಮ್ಮಿ. ಆದ್ರೆ ಹುಡುಗ್ರು ಬಂದು ಓಟ ಸಾಲದು ಅಂತಾರೆ. ಸಾರಂಗದೋರು ಬಂದು, ಹಿಂದೆ ಇನ್ನೊಂದು ಸೀಟು ಯಾಕೆ, ನಮಗೆ ಸಾಮಾನು ಇಡೋಕೆ ಜಾಗ ಬೇಕು ಅಂತಾರೆ. ಬಣ್ಣ ನೋಡಿದ ಮೇಲೆ ಎರಡು ಪಾರ್ಟಿನೂ ಬಾಗಿಲ ಕಡೆ ನಡೀತಾರೆ."

ರವ್ನಾ ಬಣ್ಣ ನೋಡುತ್ತಿರಲಿಲ್ಲ. ಅವಳ ಕಣ್ಣು ಹಿಂದಿನ ಸೀಟಿನ ಮೇಲಿತ್ತು. ಕೈಗವಸು ತೆಗೆದು ಅದರ ಮೇಲೆ ಅಂಗೈ ಒತ್ತಿದಳು. ಮೆತ್ತಗಿತ್ತು. ಬೆನ್ನಿಗೆ ಒರಗು, ಬೇಕೆಂದರೆ ಕಳಚಿ ಇಡಬಹುದಾದದ್ದು. ಎರಡು ಪಕ್ಕದಲ್ಲಿ ಹಿಡಿಗಳು. ಆ ಹಿಡಿಗಳ ಒಳಗೆ ಬಿಸಿಯಾಗುವ ತಂತಿ ಇದೆ ಎಂದು ಓಡ್ವಾರ್ ಹೇಳಿದ.

ಅವಳ ಗಂಡ ಇಸ್ಸಾತ್‌ಗೆ ಹೋದ ಅಕ್ಟೋಬರಿನಲ್ಲಿ ಲಕ್ವ ಹೊಡೆದಿತ್ತು. ಸಣ್ಣದು. ಮೂರು ವಾರದಲ್ಲಿ ಕಾಲು ಸರಿಯಾಯಿತು, ನಾಲಿಗೆಯಂತೂ ಮೊದಲಿಗಿಂತ ಚುರುಕಾಯಿತು. ಬಲಗೈಯ ಬೆರಳುಗಳು ಒಂದೊಂದಾಗಿ ಎಚ್ಚರಗೊಂಡವು. ಹೆಬ್ಬೆರಳು ಮಾತ್ರ ಏಳಲಿಲ್ಲ. ಸ್ಕೂಟರ್ ಓಡಬೇಕಾದರೆ ಒತ್ತಬೇಕಾದ ಆ ಪುಟ್ಟ ಲಿವರ್ ಇರುವುದು ಬಲಗೈ ಹೆಬ್ಬೆರಳಿನ ಕೆಳಗೇ. ನಲವತ್ತು ವರ್ಷ ಗುಡ್ಡ ಆಳಿದ ಮನುಷ್ಯನನ್ನು ಒಂದು ಹೆಬ್ಬೆರಳು ಮನೆಯಲ್ಲಿ ಕೂರಿಸಿಬಿಟ್ಟಿತು. ಎಡಗೈಯನ್ನು ಅಡ್ಡ ಚಾಚಿ ಓಡಿಸುತ್ತೇನೆಂದು ಹೋಗಿ ಒಂದು ಬರ್ಚ್ ಮರಕ್ಕೆ ಗುದ್ದಿ ಬಂದ. ಜನವರಿಯಲ್ಲಿ ತನ್ನ ಸ್ಕೂಟರನ್ನು ರವ್ನಾಳ ತಮ್ಮ ಪಿಯೆರಾನಿಗೆ ಕೊಟ್ಟುಬಿಟ್ಟ. ಅಲ್ಲಿಂದ ಮುಂದೆ ದಿನಕ್ಕೆ ನಾಲ್ಕು ಸಲ ರೇಡಿಯೋದಲ್ಲಿ ಹವಾಮಾನ ಕೇಳುವುದು, ಸಾರಂಗದ ಮಾಂಸದ ಸಾರಿಗೆ ಉಪ್ಪು ಹೆಚ್ಚು ಹಾಕುವುದು, ಕಿಟಕಿಯ ಹತ್ತಿರ ಕೂರುವುದು. ಇದನ್ನೆಲ್ಲ ರವ್ನಾ ಸಹಿಸಿದ್ದಳು. ಆದರೆ ಫೆಬ್ರವರಿಯಿಂದೀಚೆಗೆ ಅವನು ಹಿಂಡಿನ ವಿಷಯ ಕೇಳುವುದನ್ನೇ ಬಿಟ್ಟಿದ್ದ. ಅವಳಿಗೆ ಭಯವಾದದ್ದು ಅದಕ್ಕೆ.

ಅಂಗಡಿಯ ಮುಂಬಾಗಿಲ ಹತ್ತಿರ ಈ ವರ್ಷದ ಮಾಡೆಲ್ ನಿಂತಿತ್ತು. ಕಪ್ಪು, ಹಗುರ, ಗುಡ್ಡದ ಕೆಲಸಕ್ಕೆಂದೇ ಮಾಡಿದ್ದು. ಪಿಯೆರಾ ಒಂದು ತಿಂಗಳಿಂದ ಅಕ್ಕನ ಬೆನ್ನು ಹತ್ತಿದ್ದ, ಅದನ್ನೇ ತಗೋ ಅಂತ. ಕೂಡಿಟ್ಟ ಹಣದಲ್ಲಿ ಅದೂ ಸಿಗುತ್ತಿತ್ತು, ಕೈ ಸ್ವಲ್ಪ ಬಿಗಿಯಾದರೂ. ರವ್ನಾ ಅದರ ಮೇಲೂ ಕೂತು ನೋಡಿದಳು. ಒಳ್ಳೆಯ ಗಾಡಿ, ಎರಡು ಮಾತಿಲ್ಲ. ಒಬ್ಬರು ಕೂರುವ ಗಾಡಿ.

ಅವಳ ಮುಖ ನೋಡಿ ಓಡ್ವಾರ್‌ಗೆ ಏನು ಹೊಳೆಯಿತೋ. "ನೇರಳೇನ ಎರಡು ದಿನ ತಗೊಂಡು ಹೋಗು. ಓಡಿಸಿ ನೋಡು. ಬೇಡ ಅನ್ನಿಸಿದ್ರೆ ತಂದು ಬಿಡು, ಈ ಮೂಲೆ ಎಲ್ಲಿಗೂ ಹೋಗಲ್ಲ," ಎಂದ.

ಟ್ರೈಲರಿನ ಮೇಲೆ ಅದನ್ನು ಏರಿಸಿಕೊಂಡು ಅವಳು ನದಿದಂಡೆಯ ಮನೆಗೆ ಬಂದಾಗ ಪಿಯೆರಾ ಅಡುಗೆಮನೆಯಲ್ಲಿ ಸಾರು ಕುಡಿಯುತ್ತಿದ್ದ. ಸದ್ದಿಗೆ ಭಾವ, ಬಾಮೈದ ಇಬ್ಬರೂ ಹೊರಗೆ ಬಂದರು. ಇಸ್ಸಾತ್ ಮೆಟ್ಟಿಲ ಮೇಲೇ ನಿಂತು ಬಹಳ ಹೊತ್ತು ನೋಡಿದ.

"ಇದಕ್ಕೆ ಮೈ ಹುಷಾರಿಲ್ವಾ?" ಎಂದ ಕೊನೆಗೆ.

"ಭಾವ, ಇದನ್ನ ಕಂಡ್ರೆ ಸಾರಂಗ ತಾವೇ ಸಮುದ್ರದವರೆಗೂ ಓಡ್ತಾವೆ ಬಿಡಿ, ನಾವು ಹೊಡ್ಕೊಂಡು ಹೋಗೋದೇ ಬೇಡ," ಎಂದ ಪಿಯೆರಾ. ಆಮೇಲೆ ಅಕ್ಕನ ಕಡೆ ತಿರುಗಿ, "ಅಕ್ಕಾ, ಕರಿದು ಇತ್ತಲ್ಲ! ನಾನು ಕೈ ಹಿಡಿದು ತೋರಿಸಿರಲಿಲ್ವಾ? ನಾಳೆ ಇಡೀ ಊರು ನಮ್ಮನ್ನ ಐಸ್‌ಕ್ರೀಮ್ ಮಾರೋರು ಅನ್ನತ್ತೆ."

"ನೀನು ಹೋಗಿ ಸಾರು ಕುಡಿ."

"ಕುಡಿಯೋಕೆ ಆಗಲ್ಲ, ಬರೀ ಉಪ್ಪು."

ಇಸ್ಸಾತ್ ಇಳಿದು ಬಂದು ಸ್ಕೂಟರನ್ನು ಒಂದು ಸುತ್ತು ಹಾಕಿದ. ಬಗ್ಗಿ ಬೆಲ್ಟ್ ನೋಡಿದ, ಎಂಜಿನ್ನಿನ ಮುಚ್ಚಳ ತಟ್ಟಿದ. ಆರು ತಿಂಗಳಲ್ಲಿ ಅವನು ಇಷ್ಟು ಆಸಕ್ತಿಯಿಂದ ಯಾವುದನ್ನೂ ಮುಟ್ಟಿರಲಿಲ್ಲ. ಅಷ್ಟರಲ್ಲಿ ಅವನ ಕಣ್ಣು ಹಿಂದಿನ ಸೀಟಿಗೆ ಬಂದು ನಿಂತಿತು.

"ಈ ಸೀಟು ಯಾರಿಗೆ?"

"ಯಾರಿಗಾದ್ರೂ."

"ಯಾರಿಗಾದ್ರೂ ಅಂದ್ರೆ?"

"ಕೂರೋರಿಗೆ."

ಇಸ್ಸಾತ್‌ನ ಮುಖ ಬಿಗಿಯಿತು. "ನಾನು ಹಿಟ್ಟಿನ ಮೂಟೆ ಅಲ್ಲ ಕಣೇ ರವ್ನಾ, ಹಿಂದೆ ಹೇರ್ಕೊಂಡು ಹೋಗೋಕೆ," ಎಂದವನೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಜೋರಾಗೇನೂ ಹಾಕಲಿಲ್ಲ. ಜೋರಾಗಿ ಹಾಕಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತು.

ಪಿಯೆರಾ ಕೂಡ ತಮಾಷೆ ಬಿಟ್ಟು ಟೋಪಿ ಹಾಕಿಕೊಂಡ. ಆಮೇಲೆ, "ನಾಳೆ ಬೆಳಗ್ಗೆ ನಾನು ಉತ್ತರದ ಕಡೆಯಿಂದ ಬರ್ತೀನಿ, ನೀನು ಕೊಳ್ಳದ ಕಡೆಯಿಂದ ಬಾ," ಎಂದು ಹೇಳಿ ಹೊರಟುಹೋದ.

ಮಾರನೆಯ ದಿನದ ಕೆಲಸ ಮೊದಲೇ ಗೊತ್ತಾಗಿತ್ತು. ಮೂವತ್ತಕ್ಕೂ ಹೆಚ್ಚು ಸಾರಂಗಗಳು ಹಿಂಡು ಬಿಟ್ಟು ನದಿಯಾಚೆ ಎಲ್ಲೋ ಸೇರಿಕೊಂಡಿದ್ದವು. ಅವುಗಳ ಜೊತೆ ಮುಜೆತ್ ಎಂಬ ಕಪ್ಪು ಹೆಣ್ಣೂ ಇತ್ತು. ಕೊರಳಿಗೆ ಗಂಟೆ ಕಟ್ಟಿಸಿಕೊಂಡು ಇಡೀ ಹಿಂಡಿನ ಮುಂದೆ ನಡೆಯುವುದು ಅದೇ. ಅದಿಲ್ಲದೆ ಸಮುದ್ರದ ದಾರಿ ಹಿಡಿಯುವುದೆಂದರೆ ಪ್ರತಿಯೊಂದನ್ನೂ ಅಟ್ಟಿ ಅಟ್ಟಿ ಸಾಯಬೇಕು.

ಬೆಳಗಿನ ಐದಕ್ಕೆ ಬಿಸಿಲು ಆಗಲೇ ಗುಡ್ಡದ ಮೇಲೆ ಬಿದ್ದಿತ್ತು. ಹಿಮದ ಮೇಲ್ಪದರ ಹೆಪ್ಪುಗಟ್ಟಿ ಗಟ್ಟಿಯಾಗಿತ್ತು. ಹತ್ತು ಗಂಟೆಯವರೆಗೆ ಅದರ ಮೇಲೆ ಎಲ್ಲಿಗಾದರೂ ಹೋಗಬಹುದು, ಆಮೇಲೆ ಮೆತ್ತಗಾಗಿ ಗಾಡಿ ನುಂಗುತ್ತದೆ. ರವ್ನಾ ಕಾಫಿ ಪಾತ್ರೆ, ಹಗ್ಗ, ಸಾರಂಗಗಳಿಗೆ ತಿನ್ನಿಸಲು ಒಣಗಿಸಿದ ಕಲ್ಲುಹೂವಿನ ಚೀಲ ಎಲ್ಲ ಕಟ್ಟಿ ಸ್ಕೂಟರ್ ಸ್ಟಾರ್ಟ್ ಮಾಡಿದಳು. ಎಂಜಿನ್ ಎದ್ದದ್ದೇ ತಿಳಿಯಲಿಲ್ಲ, ಅಷ್ಟು ಮೆಲ್ಲಗೆ. ಆಗ ಮನೆಯ ಬಾಗಿಲು ತೆರೆಯಿತು.

ಇಸ್ಸಾತ್ ಸಾರಂಗದ ತೊಗಲಿನ ನಿಲುವಂಗಿ ಹಾಕಿಕೊಂಡು, ಬೆಚ್ಚಗಿರಲೆಂದು ಬೂಟಿನೊಳಗೆ ಒಣಹುಲ್ಲು ತುರುಕಿಕೊಂಡು, ಸೊಂಟಕ್ಕೆ ಚಾಕು ಸಿಕ್ಕಿಸಿ ನಿಂತಿದ್ದ. ಎಡಗೈಯಲ್ಲೇ ಎಲ್ಲ ಕಟ್ಟಿಕೊಳ್ಳಲು ಒಂದು ಗಂಟೆಯಾದರೂ ಹಿಡಿದಿರಬೇಕು.

"ಕೊಳ್ಳದ ದಾರೀಲಿ ಈಗ ಹಿಮದ ಕೆಳಗೆ ನೀರು ನಿಂತಿರತ್ತೆ. ಎಲ್ಲಿ ಅಂತ ನಿನಗೆ ಗೊತ್ತಿಲ್ಲ. ದಾರಿ ತೋರಿಸೋಕೆ ಬರ್ತಾ ಇದೀನಿ, ಅಷ್ಟೇ."

"ಸರಿ."

"ಬೇರೆ ಏನೂ ಅಂದ್ಕೋಬೇಡ."

"ಏನೂ ಅಂದ್ಕೊಂಡಿಲ್ಲ. ಹತ್ತು."

ರವ್ನಾ ಹಗ್ಗದ ಗಂಟನ್ನು ಇನ್ನೊಂದು ಸಲ ಬಿಚ್ಚಿ ಕಟ್ಟಿದಳು. ತಲೆ ಎತ್ತಿದ್ದರೆ ನಗು ಕಾಣಿಸಿಬಿಡುತ್ತಿತ್ತು.

ಹೆಪ್ಪುಗಟ್ಟಿದ್ದ ನದಿ ದಾಟುವವರೆಗೆ ಅವನು ಮಾತಾಡಲಿಲ್ಲ. ದಾಟಿದ ಮೇಲೆ ಮಾತು ನಿಲ್ಲಿಸಲಿಲ್ಲ. ಎಡ ಭುಜಕ್ಕೆ ತಟ್ಟಿದರೆ ಎಡಕ್ಕೆ, ಬಲ ಭುಜಕ್ಕೆ ತಟ್ಟಿದರೆ ಬಲಕ್ಕೆ. ಎರಡನ್ನೂ ಒಟ್ಟಿಗೆ ತಟ್ಟಿದರೆ ಏನು ಎಂದು ಅವಳಿಗೆ ತಿಳಿಯಲಿಲ್ಲ.

"ನಿಲ್ಲಿಸು ಅಂತ! ಎರಡೂ ಅಂದ್ರೆ ನಿಲ್ಲಿಸು ಅಂತ!"

"ಯಾರು ಹೇಳಿದ್ರು?"

"ಇದನ್ನೂ ಹೇಳಬೇಕಾ? ಹೋಗಿಬಿಟ್ಯಲ್ಲ, ಆ ಪೊದೆ ಹಿಂದೆ ನೀರಿದೆ ಅಂತ ತಟ್ಟಿದ್ದು!"

ಅವಳು ಹಿಂದಕ್ಕೆ ತೆಗೆಯಲು ಗುಂಡಿ ಒತ್ತಿದಳು. ಗಾಡಿ ಪೀಂ, ಪೀಂ, ಪೀಂ ಎಂದು ಇಡೀ ಕಣಿವೆಗೆ ಕೇಳುವ ಹಾಗೆ ಕೂಗತೊಡಗಿತು. ಪೇಟೆಯಲ್ಲಿ ಕಸದ ಲಾರಿ ಹಿಂದಕ್ಕೆ ಬರುವಾಗ ಕೂಗುತ್ತದಲ್ಲ, ಥೇಟ್ ಹಾಗೆ. ಒಂದು ಬಿಳಿ ಕಾಡುಕೋಳಿ ಪೊದೆಯಿಂದ ಬೆದರಿ ಹಾರಿತು. ಸ್ಕೂಟರಿನ ಹಿಂಭಾಗ ಮೆತ್ತನೆಯ ಹಿಮಕ್ಕೆ ಸಿಕ್ಕಿ, ನಿಧಾನಕ್ಕೆ, ಬಹಳ ಮರ್ಯಾದೆಯಿಂದ ಕೆಳಗೆ ಇಳಿಯಿತು.

ಇಬ್ಬರೂ ಇಳಿದು ತೋಡಿದರು. ರವ್ನಾ ಸಲಿಕೆಯಿಂದ, ಇಸ್ಸಾತ್ ಎಡಗೈ ಮತ್ತು ಕಾಲಿನಿಂದ. ಗಾಡಿ ಭಾರ. ಹಳೆಯದಾಗಿದ್ದರೆ ಅವಳೊಬ್ಬಳೇ ಹಿಂಭಾಗ ಎತ್ತಿ ಪಕ್ಕಕ್ಕೆ ಇಡುತ್ತಿದ್ದಳು. ಇಪ್ಪತ್ತು ನಿಮಿಷ ಬೆವರು ಸುರಿಸಿದ ಮೇಲೆ ಅದು ಮೇಲೆ ಬಂತು. ಇಸ್ಸಾತ್ ಹಿಮದಲ್ಲಿ ಮೊಣಕಾಲುದ್ದ ಹೂತು ನಿಂತು, ಟೋಪಿ ಓರೆಯಾಗಿ, ಮೂಗಿನ ತುದಿಯಲ್ಲಿ ಹಿಮ ಅಂಟಿಸಿಕೊಂಡು, "ಹೋಟೆಲ್‌ನೋರು ಇದನ್ನ ಯಾಕೆ ಬಿಟ್ಟು ಹೋದ್ರು ಅಂತ ಈಗ ಗೊತ್ತಾಯ್ತು," ಎಂದ. ಹೇಳಿ ತಾನೇ ನಕ್ಕ. ಆ ನಗು ಕೇಳಿ ಎಷ್ಟು ದಿನವಾಗಿತ್ತು ಎಂದು ರವ್ನಾ ಲೆಕ್ಕ ಹಾಕಲು ಹೋಗಿ ಬಿಟ್ಟಳು. ಅವಳಿಗೂ ನಗು ತಡೆಯಲಾಗಲಿಲ್ಲ.

ಏಳೂವರೆಗೆ ಸಾರಂಗಗಳು ಕಂಡವು. ಬರ್ಚ್ ಮರಗಳ ನಡುವಿನ ಒಂದು ಬಯಲಿನಲ್ಲಿ ಗೊರಸಿನಿಂದ ಹಿಮ ಕೆದರಿ ಮೇಯುತ್ತಿದ್ದವು. ರವ್ನಾ ದೂರದಲ್ಲೇ ವೇಗ ತಗ್ಗಿಸಿದಳು. ಹಳೆಯ ಸ್ಕೂಟರಿನ ಆರ್ಭಟಕ್ಕೆ ಇಷ್ಟು ಹೊತ್ತಿಗೆ ಅವು ಬಾಲ ಎತ್ತಿ ಓಡಿರುತ್ತಿದ್ದವು. ಈಗ ಒಂದೆರಡು ತಲೆ ಎತ್ತಿ ನೋಡಿದವು, ಅಷ್ಟೇ. ನೇರಳೆ ಬಣ್ಣದ ಬಗ್ಗೆ ಅವಕ್ಕೆ ಯಾವ ಅಭಿಪ್ರಾಯವೂ ಇದ್ದಂತೆ ಕಾಣಲಿಲ್ಲ.

ಇಸ್ಸಾತ್ ಅವಳ ಎರಡೂ ಭುಜ ತಟ್ಟಿದ. ಅವಳು ನಿಲ್ಲಿಸಿದಳು.

ಅವನು ಇಳಿದು ನಾಲ್ಕು ಹೆಜ್ಜೆ ನಡೆದು, ಗಂಟಲಿನಿಂದ ಸಣ್ಣಗೆ ಒಂದು ದನಿ ತೆಗೆದ. ಅದು ಮಾತೂ ಅಲ್ಲ, ಹಾಡೂ ಅಲ್ಲ. ಒಂದೇ ಎಳೆ ಮೇಲೆ ಹೋಗಿ ಮುರಿದು ಮತ್ತೆ ಮೇಲೆ ಹೋಗುವ, ಅವರ ಜನ ಯೊಯ್ಕ್ ಎನ್ನುವ ರಾಗ. ಮುಜೆತ್ ಮರಿಯಾಗಿದ್ದಾಗಿನಿಂದ ಅವನು ಅದಕ್ಕೆಂದೇ ಕಟ್ಟಿ ಹಾಡುತ್ತಿದ್ದದ್ದು. ಹಿಂಡಿನ ನಡುವೆ ಗಂಟೆ ಒಮ್ಮೆ ಅಲ್ಲಾಡಿತು. ಕಪ್ಪು ಹೆಣ್ಣು ಹೊಟ್ಟೆ ತೂಗಾಡಿಸುತ್ತ, ಅವಸರವೇನೂ ಇಲ್ಲದೆ, ಆರು ತಿಂಗಳು ಎಲ್ಲಿ ಹೋಗಿದ್ದೆ ಎಂದು ಕೇಳುವ ಹಾಗೆ ನಡೆದು ಬಂದು ಅವನ ನಿಲುವಂಗಿ ಮೂಸಿತು. ಅವನು ಹೆಬ್ಬೆರಳು ಏಳದ ಆ ಬಲಗೈಯನ್ನು ಅದರ ಹಣೆಯ ಮೇಲಿಟ್ಟು ಬಹಳ ಹೊತ್ತು ನಿಂತ. ರವ್ನಾ ಬೇರೆ ಕಡೆ ನೋಡಿದಳು.

"ಒರಗು ಕಳಚು," ಎಂದ ಅವನು ತಿರುಗಿ ಬಂದು.

"ಯಾಕೆ?"

"ಕಳಚು ಅಂದ್ನಲ್ಲ."

ಅವಳು ಒರಗನ್ನು ಕಳಚಿ ಕಟ್ಟಿದಳು. ಇಸ್ಸಾತ್ ಹಿಂದಿನ ಸೀಟಿನ ಮೇಲೆ ಹಿಂದುಮುಂದಾಗಿ ಕೂತ. ಅವನ ಬೆನ್ನು ಅವಳ ಬೆನ್ನಿಗೆ, ಮುಖ ಹಿಂಡಿಗೆ. ಮುಜೆತ್‌ನ ಕೊರಳ ಹಗ್ಗ ಎಡಗೈಯಲ್ಲಿ ಹಿಡಿದು, ಕಲ್ಲುಹೂವಿನ ಚೀಲ ತೊಡೆಯ ಮೇಲಿಟ್ಟುಕೊಂಡು, "ನಡಿ. ಮೆಲ್ಲಗೆ. ಅಜ್ಜಿ ಚರ್ಚಿಗೆ ಹೋಗೋ ಹಾಗೆ," ಎಂದ.

ಅವಳು ಹಾಗೇ ನಡೆಸಿದಳು. ಹಿಂದೆ ತಿರುಗಿ ನೋಡುವಂತಿರಲಿಲ್ಲ, ಬೆನ್ನಿನ ಮೂಲಕ ಎಲ್ಲ ತಿಳಿಯುತ್ತಿತ್ತು. ಅವನು ಯೊಯ್ಕ್ ಎತ್ತಿದಾಗ ಅವಳ ಪಕ್ಕೆಲುಬುಗಳು ಗುಂಯ್ ಎನ್ನುತ್ತಿದ್ದವು. "ಬಂತು, ಎರಡನೇದೂ ಬಂತು. ಆ ಮುರಿದ ಕೊಂಬಿಂದೂ ಬಂತು. ಎಲ್ಲ ಸಾಲು ಹಿಡಿದ್ವು ಕಣೇ! ಏ, ಅದು ಯಾರದು, ಕಿವಿಗುರುತು ಪಕ್ಕದ ಹಿಂಡಿಂದು, ಅದೂ ಬರ್ತಾ ಇದೆ, ಬರ್ಲಿ ಬಿಡು, ಅವರಿಗೆ ಫೋನ್ ಮಾಡಿದ್ರಾಯ್ತು." ಇಷ್ಟು ವರ್ಷ ಈ ಕೆಲಸಕ್ಕೆ ಅವಳಿಗೆ ನಾಲ್ಕು ಗಂಟೆ ಹಿಡಿಯುತ್ತಿತ್ತು, ಒಂದು ಕಡೆ ಅಟ್ಟಿದರೆ ಇನ್ನೊಂದು ಕಡೆ ಚದುರುತ್ತಿದ್ದವು. ಈಗ ಯಾರನ್ನೂ ಅಟ್ಟಬೇಕಾಗಿರಲಿಲ್ಲ.

ಉತ್ತರದ ದಿಬ್ಬ ಏರಿ ಬಂದ ಪಿಯೆರಾ ಅಲ್ಲೇ ಸ್ಕೂಟರ್ ನಿಲ್ಲಿಸಿದ. ಕೆಳಗೆ ಬಿಳಿಯ ಬಯಲಿನಲ್ಲಿ ನೇರಳೆ ಗಾಡಿಯೊಂದು ತೆವಳುತ್ತಿತ್ತು. ಅದರ ಮೇಲೆ ಅವನ ಭಾವ ಹಿಂದುಮುಂದಾಗಿ ಕೂತು, ಕೈ ಬೀಸುತ್ತ, ಗಂಟಲು ಬಿಚ್ಚಿ ಹಾಡುತ್ತಿದ್ದ. ಹಿಂದೆ ಮೂವತ್ತೇಳು ಸಾರಂಗಗಳ ಮೆರವಣಿಗೆ. ಪಿಯೆರಾ ಮೊದಲು ಹೊಟ್ಟೆ ಹಿಡಿದು ನಕ್ಕ. ಆಮೇಲೆ ಫೋನ್ ತೆಗೆದು ಫೋಟೋ ಹಿಡಿಯಲು ಹೋದವನು ಯಾಕೋ ಹಿಡಿಯದೆ ಜೇಬಿಗೆ ಹಾಕಿಕೊಂಡ. ಅವರು ಹತ್ತಿರ ಬಂದಾಗ ಅವನ ಮೂಗು ಕೆಂಪಗಿತ್ತು.

"ಬಿಸಿಲು," ಎಂದ ಕಣ್ಣುಜ್ಜಿಕೊಳ್ಳುತ್ತ. "ಕನ್ನಡಕ ಮರೆತು ಬಂದೆ."

ಬೆಂಕಿ ಹಾಕಿ ಕಾಫಿ ಕಾಯಿಸಿದರು. ಯಾವತ್ತಿನಂತೆ ಲೋಟಗಳಿಗೆ ಚೀಸಿನ ತುಂಡು ಹಾಕಿ, ಒಣಮಾಂಸ ಸೀಳಿ ಅದ್ದಿ ತಿಂದರು. ಪಿಯೆರಾ ಎರಡು ಲೋಟ ಮುಗಿಸಿ, "ಅಕ್ಕಾ, ಕರೀದರ ವಿಷಯ ನಾನು ಹೇಳಿದ್ದು ಮರೆತುಬಿಡು. ಇದನ್ನೇ ತಗೋ. ಐಸ್‌ಕ್ರೀಮ್ ಅಂದ್ರೆ ಅನ್ಲಿ," ಎಂದು ಹೇಳಿ ಸಾರಂಗಗಳ ಜೊತೆ ಮುಂದೆ ಹೋದ.

"ಏನು, ತಗೊಳ್ಳೋಣವಾ?" ಎಂದು ಕೇಳಿದಳು ರವ್ನಾ. ಉತ್ತರ ಗೊತ್ತಿದೆ ಎಂದೇ ಅವಳು ಕೇಳಿದ್ದು.

"ಬೇಡ."

ಅವಳ ಕೈಯಲ್ಲಿದ್ದ ಒಣಮಾಂಸ ಅಲ್ಲೇ ನಿಂತಿತು. "ಬೇಡ?"

"ಬೇಡ. ಭಾರ. ಸಿಕ್ಕಿಹಾಕ್ಕೊಂಡ್ರೆ ಒಬ್ಬಳ ಕೈಲಿ ಆಗಲ್ಲ. ಗಾಳಿ ತಡೆಯೋ ಗಾಜು ನಿನ್ನ ಕಣ್ಣಿಗೆ ಅಡ್ಡ ಬರತ್ತೆ, ನೀನು ಎದ್ದು ನಿಂತು ನೋಡ್ತಾ ಇದ್ದೆ, ನಾನು ಕಂಡೆ. ನಿನ್ನ ಕೆಲಸಕ್ಕೆ ಕರೀದೇ ಸರಿ. ಇವತ್ತು ಆಯ್ತು, ಚೆನ್ನಾಗಿತ್ತು. ನನ್ನ ಮೇಲೆ ಕನಿಕರ ಪಟ್ಟು ನೀನು ಸುಮಾರಾದ ಗಾಡಿ ಓಡಿಸೋದು ಬೇಡ."

"ಕನಿಕರ!" ರವ್ನಾ ಲೋಟವನ್ನು ಹಿಮದೊಳಗೆ ಕುಕ್ಕಿದಳು. "ಕನಿಕರ ಅಂತೆ! ಆರು ತಿಂಗಳಿಂದ ಈ ಗುಡ್ಡದಲ್ಲಿ ಒಬ್ಬಳೇ ಕಾಫಿ ಕಾಯಿಸಿದೀನಿ. ಒಂದು ಲೋಟಕ್ಕೆ ಬೆಂಕಿ ಹಾಕೋದು ಎಷ್ಟು ಬೇಜಾರು ಗೊತ್ತಾ ನಿನಗೆ? ಬೈಯೋಣ ಅಂದ್ರೆ ನೀನು ಪಕ್ಕದಲ್ಲಿ ಇರಲ್ಲ. ಮನೆಗೆ ಬಂದು ಬೈಯೋಣ ಅಂದ್ರೆ ಅಷ್ಟೊತ್ತಿಗೆ ಯಾಕೆ ಅಂತ ಮರೆತೇ ಹೋಗಿರತ್ತೆ. ನಾನು ಆ ಸೀಟಿನ ಗಾಡಿ ತಂದಿದ್ದು ನಿನಗೋಸ್ಕರ ಅಂತ ಯಾರು ಹೇಳಿದ್ದು? ನನಗೋಸ್ಕರ ಕಣೋ!"

ಇಸ್ಸಾತ್ ಬೆಂಕಿಯೊಳಗಿನ ಒಂದು ಕಡ್ಡಿಯನ್ನು ಎಡಗೈಯಿಂದ ಅತ್ತ ಇತ್ತ ತಿರುಗಿಸಿದ. ಮನೆಗೆ ಬರುವವರೆಗೂ ಅವನು ದಾರಿ ತೋರಿಸಲು ಭುಜ ತಟ್ಟಿದ, ಅಷ್ಟೇ. ಸಂಜೆ ಮೂರು ಸಲ ಹೊರಗೆ ಹೋಗಿ ಸ್ಕೂಟರನ್ನು ನೋಡಿ ಬಂದ. ರವ್ನಾ ಕಿಟಕಿಯಿಂದ ನೋಡುತ್ತಲೇ ಇದ್ದಳು.

ಮರುದಿನ ಬೆಳಿಗ್ಗೆ ಗಾಡಿಯನ್ನು ಟ್ರೈಲರಿಗೆ ಏರಿಸುವಾಗ, "ನಾನೂ ಬರ್ತೀನಿ," ಎಂದ. ಸರಿ, ಹಿಂತಿರುಗಿಸಿ ಬರಲು ಹೊರಟಿದ್ದಾನೆ ಎಂದುಕೊಂಡಳು ಅವಳು. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಕಪ್ಪು ಸ್ಕೂಟರಿಗೆ ಒಗ್ಗಿಕೊಳ್ಳಲು ನೋಡಿದಳು.

ಓಡ್ವಾರ್ ಎದುರು ಬಂದು ನಿಂತ. ಇಸ್ಸಾತ್ ಕೋಟಿನ ಜೇಬಿನಿಂದ ಒಂದು ಚೀಟಿ ತೆಗೆದ. ಎಡಗೈಯಲ್ಲಿ ಬರೆದದ್ದು, ಅಕ್ಷರಗಳು ಒಂದೊಂದು ಒಂದೊಂದು ದಿಕ್ಕಿಗೆ ಬಿದ್ದಿದ್ದವು.

"ಗಾಜು ಒಂದು ಗೇಣು ಎತ್ತರ ಹೆಚ್ಚು," ಎಂದು ಓದತೊಡಗಿದ. "ಹಿಂದಕ್ಕೆ ತೆಗೆದ್ರೆ ಕಸದ ಲಾರಿ ಥರ ಕೂಗತ್ತೆ. ಭಾರ, ಒಬ್ಬ ಗಂಡಸೂ ಎತ್ತಲಾರ. ಹಿಂದಿನ ಕಾಲು ಊರೋ ಪಟ್ಟಿ ಜಾರತ್ತೆ. ಸಲಿಕೆ ಸಿಕ್ಕಿಸೋಕೆ ಜಾಗ ಇಲ್ಲ. ಬಲಗಡೆ ಹಿಡಿ ಎಡಗಡೆಯದಕ್ಕಿಂತ ಜಾಸ್ತಿ ಬಿಸಿಯಾಗತ್ತೆ. ಮಿಂಚು ಕೈಗೆ ಅಂಟತ್ತೆ. ನಿನ್ನೆಯಿಂದ ನನ್ನ ಚಾಕೂ ಮಿಂಚ್ತಾ ಇದೆ."

ಪ್ರತಿ ಮಾತಿಗೂ ಓಡ್ವಾರ್‌ನ ಭುಜ ಸ್ವಲ್ಪ ಸ್ವಲ್ಪ ಇಳಿಯಿತು. ರವ್ನಾ ನೆಲ ನೋಡುತ್ತ ನಿಂತಳು.

"ಆಯ್ತಾ?" ಎಂದ ಇಸ್ಸಾತ್ ಚೀಟಿ ಮಡಚಿ. "ಇಷ್ಟು ಹುಳುಕಿರೋ ಗಾಡೀನ ತಗೊಳ್ಳೋಕೆ ನಮ್ಮ ಥರ ಒಳ್ಳೇ ಜನ ಬಂದಿದಾರಲ್ಲ, ಅವರಿಗೆ ನೀನು ಇನ್ನೂ ಏನು ಕೊಡ್ತೀಯ?"

ರವ್ನಾ ತಲೆ ಎತ್ತಿದಳು. ಅವನು ಅವಳ ಕಡೆ ನೋಡಲೇ ಇಲ್ಲ; ಕಿವಿ ಮಾತ್ರ ಕೆಂಪಗಾಗಿತ್ತು.

ಓಡ್ವಾರ್‌ಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆಮೇಲೆ ಅವನು ಕುಣಿಯುವುದೊಂದು ಬಾಕಿ. ಬೆಲೆ ಇನ್ನು ಇಳಿಸಲಾಗದು ಎಂದು ಆಣೆ ಹಾಕಿದ. ಆದರೆ ಗಾಜು ಕತ್ತರಿಸಿ ಕೊಡುತ್ತೇನೆ, ಆ ಪೀಂ ಪೀಂ ತಂತಿ ಕಿತ್ತುಹಾಕುತ್ತೇನೆ, ಸಲಿಕೆಗೆ ಕೊಕ್ಕೆ ಬೆಸುಗೆ ಹಾಕಿಸುತ್ತೇನೆ ಎಂದ. "ಜೊತೆಗೆ ಇದೊಂದು," ಎನ್ನುತ್ತ ಕಪಾಟಿನಿಂದ ಎರಡು ಹೆಲ್ಮೆಟ್ ತೆಗೆದ. "ಒಳಗೆ ಮೈಕು, ಸ್ಪೀಕರು ಎಲ್ಲ ಇದೆ. ಹಿಂದೆ ಕೂತೋರು ಮಾತಾಡಿದ್ದು ಮುಂದೆ ಇರೋರಿಗೆ ಕಿವಿಯಲ್ಲೇ ಕೇಳತ್ತೆ."

"ಅದೊಂದು ಬೇಡ!" ಎಂದು ರವ್ನಾ ಕೂಗಿದಳು.

"ಅದೇ ಬೇಕು," ಎಂದ ಇಸ್ಸಾತ್.

ಗಂಡಸರಿಬ್ಬರೂ ಅಂಗಡಿ ಅದುರುವ ಹಾಗೆ ನಕ್ಕರು. ರವ್ನಾ ಕಾಗದಗಳಿಗೆ ರುಜು ಹಾಕಿದಳು.

ಮೇ ತಿಂಗಳ ಮೊದಲ ವಾರ ಅವರು ಹಿಂಡು ಎಬ್ಬಿಸಿದರು. ಎಲ್ಲಕ್ಕಿಂತ ಮುಂದೆ ನೇರಳೆ ಸ್ಕೂಟರ್, ಅದರ ಹಿಂದಿನ ಸೀಟಿನಲ್ಲಿ ಹಿಂಡಿಗೆ ಮುಖ ಮಾಡಿದ ಇಸ್ಸಾತ್, ಆಮೇಲೆ ಮುಜೆತ್, ಅದರ ಹಿಂದೆ ಎಂಟುನೂರು ಸಾರಂಗಗಳ ಬೂದು ಹೊಳೆ. ಪಿಯೆರಾ ಕೊನೆಯಲ್ಲಿ ಹಿಂದುಳಿದವನ್ನು ಅಟ್ಟಿಕೊಂಡು ಬರುತ್ತಿದ್ದ. ದಾರಿಯಲ್ಲಿ ಸಿಕ್ಕ ಬೇರೆ ಹಿಂಡಿನವರು ನಿಂತು ನೋಡಿ ನಕ್ಕರು. ಅವರಲ್ಲೊಬ್ಬ, ಅದು ಎಲ್ಲಿ ಸಿಕ್ಕಿತು, ಇನ್ನೊಂದು ಇದೆಯೇ ಎಂದು ಮೆಲ್ಲಗೆ ಕೇಳಿಯೂ ಕೇಳಿದ.

ರವ್ನಾಳ ಕಿವಿಯಲ್ಲಿ ಇಸ್ಸಾತ್ ನಾಲ್ಕು ದಿನ ಬಿಡದೆ ಮಾತಾಡಿದ. ಮೋಡದ ವಿಷಯ, ಯಾವ ಹೆಣ್ಣು ಇವತ್ತು ಈಯಬಹುದು ಎಂಬ ವಿಷಯ, ಅವಳು ತಿರುವುಗಳಲ್ಲಿ ಮಾಡುವ ತಪ್ಪುಗಳ ವಿಷಯ. ಮೂರನೆಯ ದಿನ ಅವಳು ಸ್ಪೀಕರಿನ ಗುಂಡಿ ಹುಡುಕಿ ಆರಿಸಿದಳು. 'ಎಡಕ್ಕೆ' ಎಂದು ಯಾರೂ ಬೈಯದೆ, ಹತ್ತು ನಿಮಿಷ ನಿಶ್ಶಬ್ದವಾಗಿ ಹೋದಳು. ಆಮೇಲೆ ಏನು ಹೇಳುತ್ತಿದ್ದಾನೋ ಎಂದು ಕುತೂಹಲವಾಗಿ ಮತ್ತೆ ಹಾಕಿಕೊಂಡಳು. ಅವನು ಅವಳ ತವರಿನವರ ಅಡುಗೆಯನ್ನು ಟೀಕಿಸುತ್ತಿದ್ದ.

ನಾಲ್ಕನೆಯ ದಿನ ಬೆಳಿಗ್ಗೆ ಒಂದು ಎಳೆಯ ಹೆಣ್ಣು ದಾರಿಯಲ್ಲೇ ಈದಿತು. ಇಡೀ ಹಿಂಡು ನಿಂತಿತು. ಇಸ್ಸಾತ್ ದೂರದಲ್ಲಿ ಹಿಮದ ಮೇಲೆ ಕೂತು, ಮರಿ ಎದ್ದು, ಬಿದ್ದು, ಮತ್ತೆ ಎದ್ದು ಮೊಲೆಗೆ ಬಾಯಿ ಹಾಕುವವರೆಗೂ ಕಣ್ಣು ಕೀಳದೆ ನೋಡಿದ. ರವ್ನಾ ಎರಡು ಲೋಟ ಕಾಫಿ ಹಿಡಿದು ಬಂದು ಪಕ್ಕದಲ್ಲಿ ಕೂತಳು. ಒಂದು ಗಂಟೆ ಇಬ್ಬರೂ ಅಲ್ಲೇ ಕೂತಿದ್ದರು. ಹೆಲ್ಮೆಟ್ ಎರಡೂ ಸೀಟಿನ ಮೇಲಿದ್ದವು.

ಐದನೆಯ ದಿನ ಕೊನೆಯ ದಿಬ್ಬ ಹತ್ತಿದಾಗ ಕೆಳಗೆ ಸಮುದ್ರ ಕಂಡಿತು. ದಡದಲ್ಲಿ ಹಿಮ ಕರಗಿ ಕಂದು ನೆಲ ಬಿಟ್ಟಿತ್ತು. ಹೆಣ್ಣುಗಳು ಹುಲ್ಲಿನ ವಾಸನೆ ಹಿಡಿದು ತಾವೇ ಮುಂದೆ ನುಗ್ಗತೊಡಗಿದವು. ಪಿಯೆರಾ ಹಿಂಡನ್ನು ಸುತ್ತಿಕೊಂಡು ಬಂದು ಅವರ ಪಕ್ಕದಲ್ಲಿ ಗಾಡಿ ನಿಲ್ಲಿಸಿ, ಸೊಂಟ ಹಿಡಿದುಕೊಂಡು ಇಳಿದ.

"ಭಾವ," ಎಂದ ದನಿ ತಗ್ಗಿಸಿ, "ಕೆಳಗೆ ಹೋಗೋವರೆಗೂ ಸ್ವಲ್ಪ ಹೊತ್ತು ನಾನು ಕೂರ್ಲಾ ಹಿಂದೆ? ಆ ಗಟ್ಟಿ ಸೀಟಲ್ಲಿ ಕೂತು ಕೂತು ಬೆನ್ನು ಹೋಗಿಬಿಟ್ಟಿದೆ."

ಇಸ್ಸಾತ್ ಅವನನ್ನು ಮೇಲಿಂದ ಕೆಳಗೆ ನೋಡಿದ. "ಟಿಕೆಟ್ ತಗೊಂಡಿದೀಯಾ?"

"ಭಾವಾ!"

"ಮುಂದಿನ ವರ್ಷಕ್ಕೆ ಈಗಲೇ ಹೆಸರು ಬರೆಸಿಡು. ನೋಡೋಣ," ಎಂದ ಇಸ್ಸಾತ್. ಮುಂದಕ್ಕೆ ತಿರುಗಿ ಕೂತು ಎರಡೂ ಕೈಯಿಂದ ರವ್ನಾಳ ಎರಡೂ ಭುಜ ತಟ್ಟಿದ. ಅವಳು ನಿಲ್ಲಿಸಿಯೇ ಇದ್ದಳು.

"ಈಗ ಎರಡು ತಟ್ಟಿದ್ರೆ ಹೊರಡು ಅಂತ ಕಣೇ," ಎಂದು ಅವಳ ಕಿವಿಯಲ್ಲಿ ಹೇಳಿದ. ಅವಳು ಗೊಣಗುತ್ತಲೇ ಹೆಬ್ಬೆರಳು ಒತ್ತಿದಳು. ಗಾಡಿ ಇಳಿಜಾರಿನಲ್ಲಿ ಸಮುದ್ರದ ಕಡೆಗೆ ಹೊರಟಿತು.